‘ಬಣ್ಣದ ಜಾಲಿ’ ಸಸಿ ಮಾರಲು ಬಂದರೆ ಮೊದಲು ಮುಳ್ಳು ನೋಡಿ

ಹಿರಿಯೂರು, ಚಳ್ಳಕೆರೆ ಕಡೆ ಒಣ ಜಮೀನು ಇರುವವರು, ನೈಸರ್ಗಿಕ ಬಣ್ಣದ ಕೆಲಸ ಮಾಡುವವರು ದಯವಿಟ್ಟು ಇದನ್ನು ಓದಿ. ನಮಗಾದ ನಷ್ಟ ಇನ್ನೊಬ್ಬರಿಗೆ ಆಗಬಾರದು.

ನಾವು ಹತ್ತಿ ನೂಲಿಗೆ ಬಣ್ಣ ಹಾಕುವವರು. ಕರಿಜಾಲಿ ಕಾಯಿ ಯಾವಾಗಲೂ ಬೇಕು. ಕಾಯಿ ಜಜ್ಜಿ, ರಾತ್ರಿ ನೆನೆಹಾಕಿ, ಕುದಿಸಿ ಸೋಸಿದರೆ ಕಂದು ನೀರು ಸಿಗುತ್ತದೆ. ಅದರಲ್ಲಿ ಅದ್ದಿದ ನೂಲನ್ನು, ಬೆಲ್ಲ ಹಾಕಿ ಹುಳಿ ಬರಿಸಿದ ತುಕ್ಕುಕಬ್ಬಿಣದ ನೀರಿಗೆ ಇಳಿಸಿದರೆ ಕಣ್ಣೆದುರೇ ಕಪ್ಪಾಗುತ್ತಾ ಹೋಗುತ್ತದೆ. ಕಾಯಿಯಲ್ಲಿರುವ ಟ್ಯಾನಿನ್ ಅನ್ನುವ ಒಗರು ಅಂಶ ಕಬ್ಬಿಣದ ಜೊತೆ ಸೇರಿದಾಗ ಬರುವ ಬಣ್ಣ ಅದು. ಮರ ಕಡಿಯದೆ ವರ್ಷ ವರ್ಷ ಕಾಯಿ ಆರಿಸಬಹುದು ಅಂತ ಬದುವಿಗೆ ಜಾಲಿ ಹಾಕಲು ಹೊರಟೆವು.

ಆಗ ಬಂದ ಒಬ್ಬ ಏಜೆಂಟ್. “ಬಣ್ಣದ ಜಾಲಿ ಅಕ್ಕಾ, ಬೇಗ ಕಾಯಿ ಬಿಡುತ್ತೆ. ನಿಮಗೆ ಜಾಸ್ತಿಯಾದ್ರೆ ನಾವೇ ಕೊಂಡ್ಕೊಳ್ತೀವಿ” ಅಂದ. ಸಸಿಗಳು ಬೆರಳುದ್ದ ಇದ್ದವು. ಎಲೆ ಥೇಟ್ ಜಾಲಿ ಎಲೆ. ಊರಿನ ಹಿರಿಯರೂ ನೋಡಿ ಜಾಲಿಯೇ ಅಂದರು.

ನೆಟ್ಟ ಮೇಲೆ ಹೊಸ ಚಿಗುರಿನಲ್ಲಿ ಸಣ್ಣ ಎಲೆ ನಿಂತೇ ಹೋಯಿತು. ಕುಡುಗೋಲಿನಂತೆ ಬಾಗಿದ ಉದ್ದನೆಯ ಚಪ್ಪಟೆ ಎಲೆ ಬಂತು. ಒಂದು ಮುಳ್ಳೂ ಇಲ್ಲ. ಮಲೆನಾಡಿನ ಗುಡ್ಡಗಳಿಗೆಲ್ಲ ನೆಟ್ಟಿದ್ದಾರಲ್ಲ, ಆಸ್ಟ್ರೇಲಿಯಾ ಕಡೆಯಿಂದ ಬಂದ ಅಕೇಶಿಯಾ, ಅದು! ಮೊಳೆತ ಹೊಸದರಲ್ಲಿ ಆ ಗಿಡವೂ ಜಾಲಿಯಂಥ ಎಲೆಯನ್ನೇ ಬಿಡುತ್ತದೆ. ಆ ಸಮಯ ನೋಡಿಯೇ ಮಾರಿದ್ದಾರೆ. ಸೌದೆಗೆ, ಮರಮುಟ್ಟಿಗೆ ಆದೀತು. ನಮಗೆ ಬೇಕಾದ ಕಾಯಿ ಅದರಲ್ಲಿ ಸಿಗುವುದಿಲ್ಲ.

ಫೋನ್ ಮಾಡಿದರೆ, “ಬಿಲ್ಲಲ್ಲಿ ಅಕೇಶಿಯಾ ಅಂತಲೇ ಇದೆಯಲ್ಲ” ಅಂದ. ಕರಿಜಾಲಿಯನ್ನೂ ಅಕೇಶಿಯಾ ಗುಂಪಿನ ಹೆಸರಲ್ಲೇ ಕರೆಯುತ್ತಿದ್ದದ್ದರಿಂದ ಜಾರಿಕೊಂಡ. ಆಮೇಲೆ ಫೋನೇ ಎತ್ತಲಿಲ್ಲ. ಹೊಟ್ಟೆ ಉರಿಯಿತು. ಒಂದು ಇಡೀ ಮಳೆಗಾಲ ಹಾಳು, ಗುಂಡಿ ತೋಡಿದ ಕೂಲಿಯೂ ಹೋಯಿತು.

ಅವನೇ ಕೊಟ್ಟಿದ್ದ ‘ಜಾಲಿ ಪುಡಿ’ಯೂ ಮೋಸ. ತಣ್ಣೀರಿಗೆ ಹಾಕಿದ ತಕ್ಷಣ ಚೂರೂ ಗಸಿಯಿಲ್ಲದೆ ಕರಗಿತು. ಕಬ್ಬಿಣದ ನೀರು ಹಾಕಿದರೂ ಬಣ್ಣ ಕದಲಲೇ ಇಲ್ಲ. ನಿಜವಾದ ಜಾಲಿ ಪುಡಿಯಾದರೆ ಅಲ್ಲೇ ಕಪ್ಪಾಗಬೇಕಿತ್ತು. ಪುಡಿ ಕೊಳ್ಳುವವರು ಅಂಗಡಿಯಲ್ಲೇ ಒಂದು ಲೋಟದಲ್ಲಿ ಇದನ್ನು ಮಾಡಿ ನೋಡಿ. ಅಂಗಡಿಯವರು ಬೇಡ ಅಂದರೆ ಎದ್ದು ಬನ್ನಿ.

ಸಸಿ ಕೊಳ್ಳಲೇಬೇಕಾದರೆ ಮೊಣಕಾಲೆತ್ತರದ್ದು ಕೇಳಿ. ಗೆಣ್ಣಿನ ಹತ್ತಿರ ಜೋಡಿಜೋಡಿ ನೆಟ್ಟನೆ ಮುಳ್ಳಿರಬೇಕು. ಮುಳ್ಳಿದ್ದರೂ ಅದು ಬಳ್ಳಾರಿ ಜಾಲಿ ಅನ್ನುವ ಬೇರೆ ಗಿಡ ಆಗಿರಬಹುದು, ಹಾಗಾಗಿ ತಾಯಿಮರದ ಕಾಯಿ ತೋರಿಸಲು ಹೇಳಿ. ಕರಿಜಾಲಿ ಕಾಯಿ ಬೀಜ ಬೀಜದ ನಡುವೆ ಒತ್ತಿಕೊಂಡಿರುತ್ತದೆ. ಬಿಲ್ಲಲ್ಲಿ ‘ಕರಿಜಾಲಿ’ ಅಂತ ಬರೆಸಿ, ವಾಪಸ್ ಕೊಳ್ಳುವ ಮಾತನ್ನೂ ಅದರಲ್ಲೇ ಹಾಕಿಸಿ. ಮೋಸವಾಗಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ನಾವೀಗ ಸಸಿ ಕೊಳ್ಳುತ್ತಿಲ್ಲ. ಕೆರೆಯಂಗಳದ ಜಾಲಿ ಕಾಯಿ ಮೇಯುವ ಕುರಿಗಳ ದೊಡ್ಡಿಯಿಂದಲೇ ಬೀಜ ಆರಿಸುತ್ತೇವೆ. ಕುರಿ ಹೊಟ್ಟೆಯಲ್ಲಿ ಹಾದು ಬಂದ ಬೀಜ ಚೆನ್ನಾಗಿ ಮೊಳೆಯುತ್ತದೆ. ಅದು ಸಿಗದಿದ್ದರೆ, ಕುದಿಸಿ ಇಳಿಸಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ ಹಾಕಿದರೂ ಆಗುತ್ತದೆ.