ಪೋರ್ಟ್ ರೆವೆಲ್ ಕೆರೆ: ದಡದ ಸೆಳೆತ ಕಲಿಸುವ ತರಬೇತಿ ಹೇಗಿದೆ?

ಕಿರಿದಾದ ಕಾಲುವೆಯಲ್ಲಿ ದಡವು ಹಡಗನ್ನು ಹೇಗೆ ಆಡಿಸುತ್ತದೆ ಎಂಬುದನ್ನು ಕಲಿಯಲು ಫ್ರಾನ್ಸಿನ ಗ್ರೆನೋಬಲ್ ಕಡೆಯ ಪೋರ್ಟ್ ರೆವೆಲ್‌ಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಕ್ಯಾಪ್ಟನ್‌ಗಳೂ, ಬಂದರು-ಕಾಲುವೆಗಳಲ್ಲಿ ಹಡಗಿಗೆ ದಾರಿ ತೋರುವ ಪೈಲಟ್‌ಗಳೂ ಇಲ್ಲಿ 1:25 ಅಳತೆಯ ಮಾದರಿ ಹಡಗಿನೊಳಗೇ ಕೂತು ಕೆರೆಯಲ್ಲಿ ಓಡಿಸುತ್ತಾರೆ.

ಹಡಗಿನ ಓಟವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸಿಮ್ಯುಲೇಟರಿನಲ್ಲಿ ದಡದ ಬಲವನ್ನು ಸೂತ್ರ ಲೆಕ್ಕ ಹಾಕುತ್ತದೆ. ದಡದ ಆಕಾರ ಅಡ್ಡಾದಿಡ್ಡಿಯಾದರೆ ಆ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ. ಈ ಕೆರೆಯಲ್ಲಿ ಲೆಕ್ಕ ನೀರಿನದೇ. ಬಲದಂಡೆಗೆ ಹತ್ತಿರವಾದಂತೆ ಹಡಗಿನ ಪಕ್ಕೆಗೂ ದಡಕ್ಕೂ ನಡುವಿನ ನೀರು ವೇಗ ಪಡೆದು ಒತ್ತಡ ಕುಸಿಯುತ್ತದೆ. ಹಿಂಬದಿ ದಡದತ್ತ ಸರಿಯುತ್ತದೆ. ಮುಂದೆ ಉಬ್ಬಿದ ನೀರು ಮೂತಿಯನ್ನು ಆಚೆ ತಳ್ಳುತ್ತದೆ. ನೇರ ಸಾಗಲು ಚುಕ್ಕಾಣಿಯನ್ನು ದಡದ ಕಡೆಗೇ ಹಿಡಿದಿರಬೇಕು. ಮನಸ್ಸು ಸುಲಭವಾಗಿ ಒಪ್ಪದ ಆಜ್ಞೆಯಿದು, ಮಾಡಿ ನೋಡಿದಾಗಲೇ ಕೈಗೆ ಒಗ್ಗುತ್ತದೆ. ಇನ್ನೊಂದು ಅಪಾಯ, ದಡ ಥಟ್ಟನೆ ಮುಗಿಯುವ ಜಾಗ: ಸೆಳೆತ ಹೋಗಿ ಚುಕ್ಕಾಣಿ ಹಾಗೇ ಉಳಿದರೆ ಹಡಗು ಅತ್ತಲೇ ನುಗ್ಗುತ್ತದೆ.

ಮೂತಿ ಕೈಮೀರಿ ತಿರುಗತೊಡಗಿದಾಗ ಏನು ಮಾಡಬೇಕೆಂಬುದೇ ಇಲ್ಲಿ ಸಿಗುವ ಅಸಲು ಪಾಠ. ಎಂಜಿನ್ ನಿಲ್ಲಿಸಿದರೆ ಚುಕ್ಕಾಣಿಯ ಮೇಲೆ ಹಾಯುವ ನೀರು ತಗ್ಗಿ ಹಿಡಿತ ಹೋಗುತ್ತದೆ. ಬಲಕ್ಕೆ ಸುತ್ತುವ ಪ್ರೊಪೆಲರನ್ನು ಹಿಮ್ಮುಖ ತಿರುಗಿಸಿದರೆ ಹಿಂಬದಿ ಎಡಕ್ಕೆ ಹೊರಳುತ್ತದೆ; ಎಡದಂಡೆಯ ಬಳಿ ಅದು ಸೆಳೆತಕ್ಕೇ ಬಲ ಕೊಡುತ್ತದೆ. ಸರಿಯಾದದ್ದು: ಚುಕ್ಕಾಣಿ ಪೂರ್ತಿ ದಡದ ಕಡೆಗೆ, ಎಂಜಿನ್ ಸ್ವಲ್ಪ ಹೊತ್ತು ಜೋರು, ತಿರುವು ನಿಂತೊಡನೆ ಎರಡನ್ನೂ ಇಳಿಸುವುದು. ಇದಕ್ಕೆ ಎಂಜಿನ್ನಿನಲ್ಲಿ ಶಕ್ತಿ ಉಳಿದಿರಬೇಕು, ಅಂದರೆ ಮೊದಲೇ ನಿಧಾನ ಸಾಗಿರಬೇಕು. ಸೆಳೆತ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 10 ನಾಟ್‌ನಿಂದ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) 7ಕ್ಕೆ ಇಳಿದರೆ ಅದು ಅರ್ಧದಷ್ಟಾಗುತ್ತದೆ. 2021ರ ಮಾರ್ಚ್ 23ರಂದು 400 ಮೀಟರ್ ಉದ್ದದ ಸರಕು ಹಡಗು ಎವರ್ ಗಿವನ್ ಸೂಯೆಜ್ ಕಾಲುವೆಯಲ್ಲಿ ಅಡ್ಡವಾಗಿ ನಿಂತಾಗ ಗಾಳಿಯ ಜೊತೆ ಈ ಸೆಳೆತವೂ, ವೇಗವೂ ಚರ್ಚೆಯಾದವು.

ಕೊರತೆಗಳೂ ಇವೆ. ಈ ಅಳತೆಯಲ್ಲಿ ಕಾಲ 5 ಪಟ್ಟು ಬೇಗ ಓಡುತ್ತದೆ: ನಿಜ ಹಡಗಿನ ಒಂದು ನಿಮಿಷ ಇಲ್ಲಿ 12 ಸೆಕೆಂಡು. ಹೊಸಬರು ಗಾಬರಿಯಲ್ಲಿ ಚುಕ್ಕಾಣಿ ಅತಿಯಾಗಿ ತಿರುಗಿಸುತ್ತಾರೆ. 5 ನಾಟ್‌ನ ತಂಗಾಳಿಯೂ ಇಲ್ಲಿ 25 ನಾಟ್‌ನ ಗಾಳಿಯಂತೆ ಹಡಗನ್ನು ತಳ್ಳುತ್ತದೆ, ಅದನ್ನು ಬೇಕೆಂದಾಗ ನಿಲ್ಲಿಸಲಾಗದು. ಹಡಗು ನಡೆಸಿ ಪಳಗಿದವರು ನೇರ ಇಲ್ಲಿಗೆ ಬರಲಿ. ಉಳಿದವರು ಆಜ್ಞೆಗಳನ್ನು ಮೊದಲು ಸಿಮ್ಯುಲೇಟರಿನಲ್ಲಿ ರೂಢಿಸಿಕೊಳ್ಳಲಿ. ಬಂದವರು ಹಡಗಿನ ತಳದ ಕೆಳಗಿನ ನೀರಿನ ಆಳ ಬದಲಾದಾಗ ಏನಾಗುತ್ತದೆಂದು ತರಬೇತುದಾರರನ್ನು ತಪ್ಪದೆ ಕೇಳಬೇಕು: ಆಳ ತೀರ ಕಡಿಮೆಯಾದರೆ ಸೆಳೆಯುವ ದಡವೇ ಹಡಗನ್ನು ದೂರ ತಳ್ಳುವುದೂ ಉಂಟು.