ಮಾಯ್ ಟಾಯ್ ಮತ್ತು ಪಿನ್ಯಾ ಕೊಲಾಡಾ: ಮಂಗಳೂರಿನ ಬಿಜೈ ಅಡುಗೆಮನೆಯಿಂದ ಒಂದು ಹೋಲಿಕೆ

ಸ್ಯಾನ್ ಫ್ರಾನ್ಸಿಸ್ಕೋದ ಫೇರ್‌ಮಾಂಟ್ ಹೋಟೆಲಿನಲ್ಲಿ ಟೋಂಗಾ ರೂಮ್ ಎಂಬ ಟೀಕಿ ಬಾರ್, ಎಂದರೆ ಪೆಸಿಫಿಕ್ ದ್ವೀಪಗಳ ಸೊಗಡಿನಲ್ಲಿ ಸಿಂಗರಿಸಿದ ಬಾರ್, ಇದೆ. ಒಂದು ಕಾಲಕ್ಕೆ ಅದು ಹೋಟೆಲಿನ ಈಜುಕೊಳವಾಗಿತ್ತು, 1945ರಲ್ಲಿ ಬಾರ್ ಆಯಿತು. ಕೊಳವನ್ನು ಮುಚ್ಚಲಿಲ್ಲ. ಹಾಡುವವರು ತೆಪ್ಪದ ಮೇಲೆ ತೇಲಿಕೊಂಡು ಬರುತ್ತಾರೆ, ಆಗಾಗ ಗುಡುಗಿನ ಸದ್ದಾಗಿ ಮೇಲಿನಿಂದ ಕೊಳದ ಸುತ್ತ ಮಳೆ ಬೀಳುತ್ತದೆ. ಕಚೇರಿ ಕೆಲಸಕ್ಕೆ ಹೋಗಿ, ಮನೆ ಬಿಟ್ಟು ಮೂರು ವಾರವಾಗಿದ್ದ ನನಗೆ ಆ ಸದ್ದು ಕೇಳಿದ ಕೂಡಲೇ ಜೂನ್ ತಿಂಗಳ ನಮ್ಮ ಜಗಲಿ ಕಣ್ಣೆದುರು ಬಂತು. ಆಗ ಕೈಯಲ್ಲಿದ್ದದ್ದು ಮಾಯ್ ಟಾಯ್ ಎಂಬ ರಮ್ ಕಾಕ್‌ಟೇಲ್. ಈ ಪಾನೀಯಗಳ ಮೇಲಿನ ನನ್ನ ಮೋಹ ಶುರುವಾದದ್ದು ಅಲ್ಲಿ.

ಮಂಗಳೂರಿಗೆ ಮರಳಿದ ಮೇಲೆ ಒಂದು ಯೋಚನೆ ಹತ್ತಿತು. ಕಾಯಿ, ಅನಾನಸು, ಲಿಂಬೆ ಎಲ್ಲವೂ ಹಿತ್ತಲಲ್ಲೋ ಬೀದಿ ಕೊನೆಯಲ್ಲೋ ಸಿಗುವ ನಮ್ಮಲ್ಲಿ ಇವುಗಳ ರುಚಿ ಇನ್ನೂ ಹೆಚ್ಚಬೇಕಲ್ಲವೇ? ಅದರಲ್ಲೂ ತೆಂಗು, ಅನಾನಸು ಬೆರೆತ ಪಿನ್ಯಾ ಕೊಲಾಡಾ ನಮ್ಮ ಕರಾವಳಿಗೆಂದೇ ಹುಟ್ಟಿದ್ದು ಎಂದು ನಂಬಿದ್ದೆ. ಭಾವನನ್ನು ಜೊತೆಗೆ ಕೂರಿಸಿಕೊಂಡು ನಾಲ್ಕೈದು ಶನಿವಾರ ಎರಡನ್ನೂ ಮಾಡಿ ನೋಡಿದೆ.

ಪಿನ್ಯಾ ಕೊಲಾಡಾ ಪೋರ್ಟೊ ರಿಕೋದ್ದು. ಅಲ್ಲಿನ ಕರೀಬೆ ಹಿಲ್ಟನ್ ಹೋಟೆಲಿನಲ್ಲಿ 1954ರಲ್ಲಿ ಇದು ಹುಟ್ಟಿತು ಎನ್ನುವುದು ಹೆಚ್ಚು ಪ್ರಚಲಿತವಾದ ಮಾತು. 1978ರಲ್ಲಿ ಅದು ಆ ದ್ವೀಪದ ಅಧಿಕೃತ ಪಾನೀಯವಾಯಿತು. ರಮ್, ಅನಾನಸಿನ ರಸ, ಡಬ್ಬಿಯಲ್ಲಿ ಬರುವ ಸಿಹಿ ತೆಂಗಿನ ಕ್ರೀಮ್, ಇಷ್ಟೇ. ಡಬ್ಬಿ ನಮಗೇಕೆ ಎಂದು ನಾನು ಹೆರೆಮಣೆಯ ಮುಂದೆ ಕುಳಿತೆ. ಬಲಿತ ಕಾಯಿಯನ್ನು ಹೆರೆದು, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಮೊದಲ ಹಾಲನ್ನು ಮಾತ್ರ ತೆಗೆದೆ. ಪರಿಮಳ ಎಂದರೆ ಪರಿಮಳ! ಆದರೆ ಮಂಜುಗಡ್ಡೆಯ ಜೊತೆ ಕುಲುಕಿ ಲೋಟಕ್ಕೆ ಸುರಿದಾಗ ಮೇಲೆಲ್ಲ ಬಿಳಿ ಚುಕ್ಕೆಗಳು. ಬಾಯಿಗೆ ಇಟ್ಟರೆ ಅಂಗುಳಿಗೆ ಮೇಣ ಹಚ್ಚಿದಂತೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಗ್ಗೆ ಬಾಟಲಿಯಲ್ಲಿ ನಾವೆಲ್ಲ ನೋಡುವುದು ಅದನ್ನೇ. ಮಂಜುಗಡ್ಡೆ ತಾಗಿದ ಹಾಲಿನ ಜಿಡ್ಡಿಗೂ ಅದೇ ಆಗಿತ್ತು.

ಡಬ್ಬಿಯ ಕ್ರೀಮಿನಲ್ಲಿ ಸಕ್ಕರೆಯೂ ಜಿಡ್ಡನ್ನು ನೀರಿನೊಡನೆ ಬೆಸೆದು ಹಿಡಿಯುವ ಪದಾರ್ಥಗಳೂ ಇರುವುದರಿಂದ ಅದು ರೇಷ್ಮೆಯಂತೆ ಇಳಿಯುತ್ತದೆ, ಪರಿಮಳ ಮಾತ್ರ ಸಪ್ಪೆ. ಕೊನೆಗೆ ನನಗೆ ಒಗ್ಗಿದ್ದು ನಡುವಿನ ದಾರಿ: ಅರ್ಧ ಡಬ್ಬಿಯ ಕ್ರೀಮ್, ಅರ್ಧ ಮನೆಯ ಹಾಲು, ಎಲ್ಲವನ್ನೂ ಮಿಕ್ಸಿಯಲ್ಲಿ ನುಣ್ಣಗೆ ತಿರುಗಿಸುವುದು. ಇದಕ್ಕೆ ಓಲ್ಡ್ ಮಾಂಕ್ ರಮ್ ಚೆನ್ನಾಗಿ ಹೊಂದುತ್ತದೆ. ಅದರ ವೆನಿಲಾ ವಾಸನೆ ಕಾಯಿಹಾಲಿಗೆ ಸೇರಿ, ಬೆಲ್ಲದ ಪಾಯಸ ಒಲೆಯಿಂದ ಇಳಿದ ಹೊತ್ತಿನ ಘಮ ಬರುತ್ತದೆ.

ಮಾಯ್ ಟಾಯ್‌ಗೆ ತೆಂಗೂ ಬೇಡ, ಅನಾನಸೂ ಬೇಡ. ಟ್ರೇಡರ್ ವಿಕ್ ಎಂದೇ ಹೆಸರಾದ ವಿಕ್ಟರ್ ಬರ್ಜೆರಾನ್ 1944ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ ಇದನ್ನು ಬೆರೆಸಿದ್ದು 17 ವರ್ಷ ಹಳೆಯ ಜಮೈಕಾ ರಮ್‌ನಿಂದ. 60 ಮಿಲಿ ರಮ್, ಒಂದು ಲಿಂಬೆಯ ರಸ, 15 ಮಿಲಿ ಕ್ಯುರಸಾವ್ ಎಂಬ ಕಿತ್ತಳೆಯ ಸಿಹಿ ಮದ್ಯ, 15 ಮಿಲಿ ಓರ್ಜಾ ಎಂಬ ಬಾದಾಮಿ ಪಾಕ, ಸ್ವಲ್ಪ ಸಕ್ಕರೆ ಪಾಕ. ಹೆಸರು ತಹೀತಿ ಭಾಷೆಯದು, 'ಒಳ್ಳೆಯದು' ಎಂಬ ಅರ್ಥದ್ದು.

ಗೇರುಬೀಜದ ಊರಿನಲ್ಲಿದ್ದುಕೊಂಡು ಬಾದಾಮಿಗೆ ಹೋಗಲು ಮನಸ್ಸು ಬರಲಿಲ್ಲ. ಮೊದಲು ಗೇರುಬೀಜ ನೆನೆಸಿ ಅರೆದು ಪಾಕ ಮಾಡಿದೆ. ಅದು ಗೆಲ್ಲಬೇಕೆಂದು ನಿಜವಾಗಿ ಹಂಬಲಿಸಿದ್ದೆ. ಗೆಲ್ಲಲಿಲ್ಲ. ಸಾರನ್ನು ದಪ್ಪ ಮಾಡುವ ಅದೇ ಗುಣ ಇಲ್ಲಿ ಅಡ್ಡ ಬಂತು: ಲಿಂಬೆಯ ಚುರುಕು ಮುಚ್ಚಿಹೋಯಿತು, ಲೋಟದ ತಳದಲ್ಲಿ ಗಸಿ ನಿಂತಿತು. ನೆನೆಸಿ ಸಿಪ್ಪೆ ಸುಲಿದ ಬಾದಾಮಿಯ ಪಾಕ, ಎರಡು ಹನಿ ಪನ್ನೀರು ಸೇರಿ, ತೆಳ್ಳಗೆ ಹಿಂದೆ ನಿಂತು ಉಳಿದವರಿಗೆಲ್ಲ ಜಾಗ ಬಿಟ್ಟಿತು.

ರಮ್‌ನದು ಇನ್ನೊಂದು ಪರೀಕ್ಷೆ. ಓಲ್ಡ್ ಮಾಂಕ್ ಹಾಕಿದರೆ ವೆನಿಲಾ ಬಿಟ್ಟು ಬೇರೇನೂ ಕೇಳಿಸುವುದಿಲ್ಲ, ಕಿತ್ತಳೆ ಕಾಣೆಯಾಗುತ್ತದೆ. ಬೆಂಗಳೂರಿನ ಅಮೃತ್ ಕಂಪನಿಯ ಟೂ ಇಂಡೀಸ್ ಹಾಕಿದ ದಿನ ಎಲ್ಲವೂ ಕೂಡಿಬಂತು. ಅದು ನಮ್ಮ ಬೆಲ್ಲದ ರಮ್‌ಗೆ ಕೆರಿಬಿಯನ್ ರಮ್‌ಗಳನ್ನು ಬೆರೆಸಿದ್ದು. ಮೊದಲು ಹುಳಿ, ಆಮೇಲೆ ಕಿತ್ತಳೆ ಸಿಪ್ಪೆಯ ಒಗರು, ನುಂಗಿದ ಮೇಲೆ ಗಂಟಲಲ್ಲಿ ಬೆಲ್ಲದ ಬಿಸಿ.

ಭಾವನ ಮತ ಕೊಲಾಡಾಕ್ಕೆ. "ಊಟ ಆದ ಮೇಲೆ ಒಂದು ಕೊಡಿ ಭಾವ, ಸಿಹಿಯ ಲೆಕ್ಕಕ್ಕೆ ಆಗುತ್ತದೆ" ಎಂದರು. ಅವರು ಹೇಳಿದ್ದು ಸರಿ. ಒಂದು ಲೋಟಕ್ಕೆ ಹೊಟ್ಟೆ ತುಂಬುತ್ತದೆ. ನಮ್ಮ ಏಪ್ರಿಲ್ ಸೆಕೆಯಲ್ಲಿ ಅರ್ಧಕ್ಕೇ ಸಾಕೆನಿಸುತ್ತದೆ. ಸೆಕೆಗೆ ಬೇಕಾದದ್ದು ಹುಳಿ. ಪುನರ್ಪುಳಿ ಸಾರು ಕುಡಿದು ಬೆಳೆದ ನಾಲಿಗೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಮತ ಮಾಯ್ ಟಾಯ್‌ಗೆ, ಯಾವ ಅಳುಕೂ ಇಲ್ಲದೆ.

ಮಾಡುವವರು ಹಿಂಡಿದ ಲಿಂಬೆಯ ಹೋಳನ್ನು ಎಸೆಯಬೇಡಿ. ಪುಡಿ ಮಂಜುಗಡ್ಡೆಯ ಮೇಲೆ ಅದನ್ನು ಬೋರಲು ಹಾಕಿ, ಪಕ್ಕದಲ್ಲಿ ಪುದೀನಾದ ಒಂದು ಕುಡಿಯನ್ನು ಸಿಕ್ಕಿಸಿ. ಅದು ದ್ವೀಪ, ಇದು ದ್ವೀಪದ ಮೇಲಿನ ಮರ. ಪ್ರತಿ ಗುಟುಕಿಗೂ ಪುದೀನಾ ಮೂಗಿಗೆ ತಾಗುವಷ್ಟು ಹತ್ತಿರ ಇರಲಿ.