ಕೆಲಸಕ್ಕೆ ನಾಲ್ಕು ಸ್ಟಾರ್, ಅಗ್ರಿಮೆಂಟಿಗೆ ಒಂದೂವರೆ

ಮೈಸೂರಿನ ನಮ್ಮ 30-40 ಸೈಟಲ್ಲಿ ಕೆಳಗೊಂದು ಮೇಲೊಂದು ಮನೆ ಕಟ್ಟಿಕೊಟ್ಟ ಕಾಂಟ್ರಾಕ್ಟರ್ ಬಗ್ಗೆ ಇದು. ಹೆಸರು ಬೇಡ. ಮನುಷ್ಯ ಕೆಟ್ಟವರಲ್ಲ, ಕೆಲಸವೂ ಗಟ್ಟಿ. ಕಂಬಿ ಕೆಳಗೂ ಕಾಂಕ್ರೀಟ್ ಇಳಿಯಲಿ ಅಂತ ಕವರ್ ಬ್ಲಾಕ್ ಅನ್ನೋ ಸಣ್ಣ ಬಿಲ್ಲೆ ಇಟ್ಟಿದ್ದರು, ಮೋಲ್ಡ್, ಅಂದರೆ ಕಾಂಕ್ರೀಟ್ ತಾರಸಿ, ಹಾಕಿದ ಮೇಲೆ ಮೇಸ್ತ್ರಿ ಗಾರೆಯಲ್ಲಿ ಬದು ಕಟ್ಟಿ ಎರಡು ವಾರ ನೀರು ನಿಲ್ಲಿಸಿದರು. ಜಗಳ ಆಗಿದ್ದೆಲ್ಲ ಅಗ್ರಿಮೆಂಟಿಂದ.

ಸ್ಟ್ಯಾಂಪ್ ಪೇಪರ್ ಸೇರಿ ಎರಡೇ ಹಾಳೆ. ಮೆಟೀರಿಯಲ್ ಸೇರಿ ಚದರಕ್ಕೆ (ನೂರು ಚದರಡಿಗೆ) 2 ಲಕ್ಷ, ಒಂಬತ್ತು ತಿಂಗಳು, 'ಒಳ್ಳೆ ಕ್ವಾಲಿಟಿ ಸಿಮೆಂಟು, ಕಂಬಿ'. ಸಿಮೆಂಟು 43 ಗ್ರೇಡೋ 53 ಗ್ರೇಡೋ, ಕಂಬಿ ಎಫ್‌ಇ 500 ಗ್ರೇಡೋ 550 ಗ್ರೇಡೋ, ಟೈಲ್ಸ್ ಅಡಿಗೆ ಎಷ್ಟರದ್ದು, ಒಂದೂ ಇಲ್ಲ. ಅಮ್ಮನಿಗೆ ಆಷಾಢ ಬರುವುದರೊಳಗೆ ಗುದ್ದಲಿ ಪೂಜೆ ಆಗಬೇಕಿತ್ತು, ನಾನೂ ಸುಮ್ನೆ ಸೈನ್ ಹಾಕಿದೆ.

ಕೊನೆಯ ಬಿಲ್ಲು ಬಂದಾಗ ನನ್ನ ಲೆಕ್ಕಕ್ಕೆ 18 ಚದರ, ಅವರ ಲೆಕ್ಕಕ್ಕೆ ಇಪ್ಪತ್ತೂವರೆ. ಅಂದರೆ 5 ಲಕ್ಷದ ವ್ಯತ್ಯಾಸ! ಟೇಪು ಹಿಡಿದು ಇಬ್ಬರೂ ತಾರಸಿ ಹತ್ತಿದೆವು. ಪೋರ್ಟಿಕೊ, ಬಾಲ್ಕನಿ, ಮೆಟ್ಟಿಲ ಮೇಲಿನ ಹೆಡ್‌ರೂಮ್ ಎಲ್ಲ ಪೂರ್ತಿ ಹಿಡಿದಿದ್ದರು. "ಮೋಲ್ಡ್ ಎಲ್ಲೀವರೆಗೋ ಅಲ್ಲೀವರೆಗೂ ಚದರ ಸಾರ್, ಎಲ್ಲರೂ ಹಂಗೇ ಅಳೆಯೋದು" ಅಂದರು. ಹಂಗಲ್ಲ ಅನ್ನೋಕೆ ನನ್ನ ಹತ್ತಿರ ಒಂದು ಸಾಲೂ ಇರಲಿಲ್ಲ. ಕೊನೆಗೆ ಪೋರ್ಟಿಕೊ, ಬಾಲ್ಕನಿ ಅರ್ಧ, ಹೆಡ್‌ರೂಮ್ ಪೂರ್ತಿ ಅಂತ ಒಪ್ಪಿ 3 ಲಕ್ಷ ಜಾಸ್ತಿ ಕೊಟ್ಟೆ. ಸಂಪು, ಕಾಂಪೌಂಡು ಬೇರೆ ಲೆಕ್ಕ, ಅದೂ ಆಮೇಲೆ ಗೊತ್ತಾಗಿದ್ದು.

ಇನ್ನೊಂದು ತಪ್ಪು ನನ್ನದೇ. ಎರಡನೇ ಮೋಲ್ಡ್ ಬೀಳುವ ಹೊತ್ತಿಗೆ ನೂರಕ್ಕೆ ಎಪ್ಪತ್ತೈದು ದುಡ್ಡು ಕೊಟ್ಟಾಗಿತ್ತು. ಪ್ಲಾಸ್ಟರಿಂಗ್ ಶುರುವಾಗುತ್ತಲೂ ಆಳುಗಳು ಬೇರೆ ಸೈಟಿಗೆ ಹೋದರು, ಒಂಬತ್ತು ತಿಂಗಳು ಹದಿನಾಲ್ಕಾಯಿತು. ಬಾಡಿಗೆ ಮನೆಗೆ ಐದು ತಿಂಗಳ ಬಾಡಿಗೆ ದಂಡ. ತಡವಾದರೆ ವಾರಕ್ಕೆ ಇಷ್ಟು ಅಂತ ಬರೆದಿರಬೇಕಿತ್ತು ಅಂದರು ಪರಿಚಯದ ವಕೀಲರು. ಬರೆದಿದ್ದಷ್ಟೂ ಕೋರ್ಟು ಕೊಡಿಸಲೇಬೇಕು ಅಂತಿಲ್ಲವಂತೆ, 1872ರ ಕಾಂಟ್ರಾಕ್ಟ್ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತವೇ ಮಿತಿ, ಅದರೊಳಗೆ ನ್ಯಾಯವಾದಷ್ಟು. ಸ್ವಂತ ಸೈಟಲ್ಲಿ ನಮಗೇ ಕಟ್ಟಿಸಿಕೊಂಡ ಮನೆಗೆ ರೇರಾ (ರಿಯಲ್ ಎಸ್ಟೇಟ್ ಕಾಯ್ದೆ) ಬರಲ್ಲ. ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದಿತ್ತು, ನಾನು ಹೋಗಲಿಲ್ಲ.

ಬುದ್ಧಿ ಓಡಿದ್ದು ನಮ್ಮ ಭಾವನಿಗೆ ಮಾತ್ರ. ನೂರಕ್ಕೆ ಐದು ದುಡ್ಡು ಒಂದು ವರ್ಷ ಓನರ್ ಹತ್ತಿರವೇ ಇರಲಿ ಅಂತ ಕೊನೆ ಘಳಿಗೆಯಲ್ಲಿ ಪೆನ್ನಲ್ಲಿ ಬರೆಸಿ ಇಬ್ಬರ ಸೈನೂ ಹಾಕಿಸಿದ್ದರು. ಮೊದಲ ಮಳೆಗಾಲಕ್ಕೆ ಬಾತ್‌ರೂಮ್ ಹಿಂದಿನ ಗೋಡೆ ಒದ್ದೆಯಾಯಿತು. ಫೋನ್ ಮಾಡಿದ ಎರಡನೇ ದಿನವೇ ಬಂದು ಟೈಲ್ಸ್ ಕಿತ್ತು ಸರಿ ಮಾಡಿಕೊಟ್ಟರು.

ಮತ್ತೆ ಕಟ್ಟಿಸಿದರೆ ಇವರಿಗೇ ಕೊಡುತ್ತೇನೆ, ಅಗ್ರಿಮೆಂಟ್ ಮಾತ್ರ ನಾನೇ ಬರೆಸುತ್ತೇನೆ. ಸಂಪಿನ ಮುಚ್ಚಳ ಇನ್ನೂ ಬಂದಿಲ್ಲ, ಸದ್ಯಕ್ಕೆ ಸೆಂಟ್ರಿಂಗ್ ಹಲಗೆ ಮುಚ್ಚಿದ್ದೇವೆ.